ಹತ್ತಿ ಗಿಡದೊಳಗಿನ ನಂಜು: ಬಿಟಿ ಪ್ರೋಟೀನಿನ ಚರಿತ್ರೆ

ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಚುಟುಕಾಗಿ ಬಿಟಿ, ಮಣ್ಣಿನಲ್ಲಿ, ಎಲೆಗಳ ಮೇಲೆ, ಕಾಳಿನ ಗೋದಾಮಿನ ದೂಳಿನಲ್ಲಿ ಸಿಗುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಆಹಾರ ಮುಗಿಯುತ್ತ ಬಂದಾಗ ಅದು ಗಟ್ಟಿ ಕವಚದ ಬೀಜಾಣುವಾಗಿ ಉಳಿದುಕೊಳ್ಳುತ್ತದೆ. ಬೀಜಾಣುವಿನ ಜೊತೆಗೇ, ಅದೇ ಜೀವಕೋಶದೊಳಗೆ, ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ಕೆಲವು ಜಾತಿಯ ಹುಳಗಳ ಹೊಟ್ಟೆ ಸೇರಿದಾಗ ಈ ಹರಳು ನಂಜಾಗುತ್ತದೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಈಗ ಬಿತ್ತುವ ಹತ್ತಿಯ ಬಹುಪಾಲು ಈ ನಂಜನ್ನು ತನ್ನ ಎಲೆ, ಮೊಗ್ಗು, ಕಾಯಿಗಳಲ್ಲಿ ತಾನೇ ತಯಾರಿಸುತ್ತದೆ. ಜಪಾನಿನ ರೇಷ್ಮೆಹುಳದಲ್ಲಿ ರೋಗವಾಗಿ ಕಂಡದ್ದು ತುಂಗಭದ್ರಾ ಸೀಮೆಯ ಬೀಜದ ಪೊಟ್ಟಣಕ್ಕೆ ಬರಲು ಸುಮಾರು ನೂರು ವರ್ಷ ಹಿಡಿಯಿತು. ನಂಜಿನ ಆಕಾರ ಹುಳದ ಕರುಳಿಗೆ ಹೇಗೆ ಹೊಂದುತ್ತದೆ ಎಂಬುದನ್ನು ಅರಿಯುತ್ತ ಹೋದಂತೆ ಈ ಚರಿತ್ರೆ ಮುಂದುವರಿಯಿತು. ಆ ಹೊಂದಿಕೆ ತಪ್ಪಿದಾಗ ಬೆಳೆಯೂ ಸೋತಿತು.

ರೇಷ್ಮೆಹುಳದ ರೋಗ

1901ರಲ್ಲಿ ಜಪಾನಿನ ವಿಜ್ಞಾನಿ ಶಿಗೆತಾನೆ ಇಶಿವಾತ ಚೆನ್ನಾಗಿ ಮೇಯುತ್ತಿದ್ದ ರೇಷ್ಮೆಹುಳಗಳು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದ ರೋಗವೊಂದರ ಬೆನ್ನು ಹತ್ತಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಹತ್ತು ವರ್ಷದ ನಂತರ, 1911ರಲ್ಲಿ, ಜರ್ಮನಿಯ ತುರಿಂಗಿಯಾ ಪ್ರಾಂತದಿಂದ ಬಂದ ಹಿಟ್ಟಿನ ಪತಂಗದ ಸತ್ತ ಮರಿಹುಳಗಳಲ್ಲಿ ಅರ್ನ್‌ಸ್ಟ್ ಬರ್ಲಿನರ್ ಅದನ್ನೇ ಕಂಡ. ಇವತ್ತಿನ ಹೆಸರು ಅವನು ಕೊಟ್ಟದ್ದು. ಬೀಜಾಣುವಿನ ಪಕ್ಕದಲ್ಲಿ ಸಣ್ಣ ಕಣವೊಂದಿರುವುದನ್ನು ಅವನು 1915ರಲ್ಲಿ ಗಮನಿಸಿದ್ದ. ಆದರೆ ಹುಳ ಸಾಯುವುದಕ್ಕೂ ಆ ಕಣಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಅದೇ ಕಾಲದಲ್ಲಿ ಜಪಾನಿನ ಅಓಕಿ ಮತ್ತು ಚಿಗಾಸಾಕಿ ಒಂದು ಮುಖ್ಯ ಸುಳಿವು ಹಿಡಿದರು. ಎಳೆಯ ಬ್ಯಾಕ್ಟೀರಿಯಾಗಳನ್ನು ತಿನ್ನಿಸಿದರೆ ರೇಷ್ಮೆಹುಳಕ್ಕೆ ಏನೂ ಆಗುತ್ತಿರಲಿಲ್ಲ. ಬೀಜಾಣು ಕಟ್ಟಿದ ಹಳೆಯ ಬ್ಯಾಕ್ಟೀರಿಯಾ ತಿಂದ ಹುಳ ಬೇಗ ಸಾಯುತ್ತಿತ್ತು. ಅಂದರೆ ಕೊಲ್ಲುವುದು ಸೋಂಕಲ್ಲ, ಬ್ಯಾಕ್ಟೀರಿಯಾ ಮೊದಲೇ ತಯಾರಿಸಿಟ್ಟ ಯಾವುದೋ ವಸ್ತು. 1938ರಲ್ಲಿ ಫ್ರಾನ್ಸಿನಲ್ಲಿ ‘ಸ್ಪೋರೀನ್’ ಎಂಬ ಬಿಟಿ ಪುಡಿ ಮಾರುಕಟ್ಟೆಗೂ ಬಂತು. ಅದು ಹೇಗೆ ಕೆಲಸ ಮಾಡುತ್ತದೆಂಬುದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 1950ರ ದಶಕದ ಕೆನಡಾದಲ್ಲಿ. 1953ರಲ್ಲಿ ಹ್ಯಾನೆ ಬೀಜಾಣುವಿನ ಪಕ್ಕದ ಕಣಗಳು ನಿಜವಾದ ಹರಳುಗಳೆಂದು ತೋರಿಸಿದ. ಮರುವರ್ಷ ಥಾಮಸ್ ಆಂಗಸ್ ಹರಳುಗಳನ್ನು ಕ್ಷಾರದಲ್ಲಿ ಕರಗಿಸಿ, ಬೀಜಾಣುಗಳನ್ನು ತೆಗೆದುಹಾಕಿ, ಉಳಿದ ದ್ರಾವಣವನ್ನಷ್ಟೇ ರೇಷ್ಮೆಹುಳಗಳಿಗೆ ಕೊಟ್ಟ. ಹುಳಗಳು ಲಕ್ವ ಹೊಡೆದಂತೆ ಬಿದ್ದವು. ನಂಜು ಹರಳಿನಲ್ಲೇ ಇದೆ ಎಂಬುದಕ್ಕೆ ಇನ್ನು ಬೇರೆ ಪುರಾವೆ ಬೇಕಿರಲಿಲ್ಲ. 1955ರಲ್ಲಿ ಹ್ಯಾನೆ ಮತ್ತು ಫಿಟ್ಸ್-ಜೇಮ್ಸ್ ಆ ಹರಳು ಪ್ರೋಟೀನೆಂದು ಸಾಧಿಸಿದರು. ರೇಷ್ಮೆಹುಳಕ್ಕೂ ಈ ನಂಜಿಗೂ ಇರುವ ಹಗೆ ಹಳೆಯದು. ಹಿಪ್ಪುನೇರಳೆ ತೋಟದ ಹತ್ತಿರ ಬಿಟಿ ಪುಡಿ ಸಿಂಪಡಿಸಬಾರದೆಂದು ರೇಷ್ಮೆ ಬೆಳೆಗಾರರಿಗೆ ಇಂದಿಗೂ ಎಚ್ಚರಿಕೆ ಹೇಳುತ್ತಾರೆ.

ಹರಳು ನಂಜಾಗುವ ಬಗೆ

ಹತ್ತಿಯ ಕಾಯಿಕೊರಕಗಳನ್ನು ಕೊಲ್ಲುವ ಬಿಟಿ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ಕ್ರೈ1ಎಸಿ. ಬ್ಯಾಕ್ಟೀರಿಯಾದೊಳಗೆ ಅದು ಸುಮಾರು 130 ಕಿಲೋಡಾಲ್ಟನ್ ತೂಕದ, 1,100ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಈ ರೂಪದಲ್ಲಿ ಅದು ನಿರಪಾಯಕಾರಿ. ಸರಪಳಿಯ ಹಿಂಬದಿಯ ಅರ್ಧದಲ್ಲಿರುವ ಸಿಸ್ಟೀನುಗಳು ಗಂಧಕದ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡು ಹರಳನ್ನು ಬಿಗಿಯಾಗಿ ಹಿಡಿದಿಡುತ್ತವೆ. ಹಾಗಾಗಿ ನೀರಿನಲ್ಲಿ ಹರಳು ಕರಗುವುದಿಲ್ಲ.

ಚಿಟ್ಟೆ, ಪತಂಗಗಳ ಮರಿಹುಳದ ನಡುಗರುಳು ತೀವ್ರ ಕ್ಷಾರೀಯ. ಅಲ್ಲಿನ ಪಿಎಚ್ 9ರಿಂದ 11ರವರೆಗೆ ಇರುತ್ತದೆ. ಮನುಷ್ಯನ ಜಠರವಾದರೋ ಆಮ್ಲೀಯ. ಹುಳದ ಕರುಳು ತಲುಪಿದಾಗ ಹರಳು ಬಿಚ್ಚಿಕೊಳ್ಳುತ್ತದೆ. ಅಲ್ಲಿನ ಟ್ರಿಪ್ಸಿನ್ ಬಗೆಯ ಕಿಣ್ವಗಳು ಸರಪಳಿಯ ಹಿಂಬದಿಯನ್ನೂ ತುದಿಯ ಒಂದಿಷ್ಟನ್ನೂ ಕತ್ತರಿಸುತ್ತವೆ. ಉಳಿಯುವುದು 60ರಿಂದ 65 ಕಿಲೋಡಾಲ್ಟನ್ನಿನ ಗಟ್ಟಿ ತಿರುಳು. ನಿಜವಾದ ನಂಜು ಅದೇ. ತನ್ನ ಊಟವನ್ನು ಅರಗಿಸಲು ಹುಳ ಸುರಿಸಿದ ಕಿಣ್ವವೇ ಅದನ್ನು ಕೊಲ್ಲುವ ವಸ್ತುವನ್ನು ಸಿದ್ಧಪಡಿಸುತ್ತದೆ.

ಈ ತಿರುಳು ಕರುಳಿನ ಜೀವಕೋಶಗಳ ಹೊರಮೈಯಲ್ಲಿರುವ ಕೆಲವು ಪ್ರೋಟೀನುಗಳನ್ನು, ಮುಖ್ಯವಾಗಿ ಕ್ಯಾಡ್ಹೆರಿನ್, ಅಮೈನೊಪೆಪ್ಟಿಡೇಸ್ ಮತ್ತು ಆಲ್ಕಲೈನ್ ಫಾಸ್ಫಟೇಸ್‌ಗಳನ್ನು ಹಿಡಿದುಕೊಳ್ಳುತ್ತದೆ. ಬಳಿಕ ಹಲವು ನಂಜಿನ ಅಣುಗಳು ಒಟ್ಟುಗೂಡಿ ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ರಂಧ್ರದ ಮೂಲಕ ಲವಣ, ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಹುಳ ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ಬಿಡುತ್ತದೆ, ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಕ್ಷಾರದ ಕರುಳು, ಸರಿಯಾದ ಕಿಣ್ವ, ಹಿಡಿಯಲು ತಕ್ಕ ಪ್ರೋಟೀನು ಈ ಮೂರೂ ಕೂಡಿದಲ್ಲಿ ಮಾತ್ರ ಸಾವು. ದನ, ಮನುಷ್ಯ, ಜೇನ್ನೊಣಗಳಲ್ಲಿ ಇವು ಕೂಡುವುದಿಲ್ಲ.

ಜೀನ್ ಮತ್ತು ಆಕಾರ

1981ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಷ್ನೆಫ್ ಮತ್ತು ಹೆಲೆನ್ ವೈಟ್ಲಿ ಹರಳಿನ ಜೀನನ್ನು ಬೇರ್ಪಡಿಸಿ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಕೆಲಸಕ್ಕೆ ಹಚ್ಚಿದರು. 1987ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಪ್ಲಾಂಟ್ ಜೆನೆಟಿಕ್ ಸಿಸ್ಟಮ್ಸ್ ಕಂಪನಿಯವರು ಆ ಜೀನನ್ನು ತಂಬಾಕಿನ ಗಿಡಕ್ಕೆ ಸೇರಿಸಿದರು. ಗಿಡ ನಂಜು ತಯಾರಿಸಿತಾದರೂ ಪ್ರಮಾಣ ತೀರ ಕಡಿಮೆ. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಅಡಿನೀನ್ ಮತ್ತು ಥೈಮೀನ್ ಹೆಚ್ಚು. ಗಿಡದ ಕೋಶಕ್ಕೆ ಅಂಥ ಜೀನ್ ಒಗ್ಗುತ್ತಿರಲಿಲ್ಲ. ಮಾನ್ಸಾಂಟೊ ಕಂಪನಿಯ ಫ್ರೆಡ್ ಪರ್ಲಾಕ್ ಮತ್ತು ಸಂಗಡಿಗರು ಪ್ರೋಟೀನನ್ನು ಹಾಗೇ ಉಳಿಸಿ, ಜೀನಿನ ಅಕ್ಷರಗಳನ್ನು ಗಿಡದ ರೂಢಿಗೆ ತಕ್ಕಂತೆ ಬದಲಿಸಿ ಬರೆದರು. 1990ರಲ್ಲಿ ಕಾಯಿಕೊರಕವನ್ನು ತಡೆಯುವ ಹತ್ತಿ ಗಿಡ ಸಿದ್ಧವಾಯಿತು.

ಇಷ್ಟಾದರೂ ನಂಜು ಹೇಗೆ ಕಾಣುತ್ತದೆಂದು ಯಾರೂ ನೋಡಿರಲಿಲ್ಲ. 1991ರಲ್ಲಿ ಕೇಂಬ್ರಿಜಿನ ಜೇಡ್ ಲೀ, ಜೋ ಕ್ಯಾರೊಲ್ ಮತ್ತು ಡೇವಿಡ್ ಎಲ್ಲರ್ ಎಕ್ಸ್-ಕಿರಣಗಳ ಸಹಾಯದಿಂದ ದುಂಬಿಗಳನ್ನು ಕೊಲ್ಲುವ ಕ್ರೈ3ಎ ಪ್ರೋಟೀನಿನ ರಚನೆಯನ್ನು 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಬಿಡಿಸಿದರು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.

ಪ್ರೋಟೀನಿನಲ್ಲಿ ಮೂರು ಭಾಗಗಳು ಕಂಡವು. ಮೊದಲನೆಯದು ಏಳು ಆಲ್ಫಾ ಸುರುಳಿಗಳ ಕಟ್ಟು. ನಡುವೆ ಒಂದು, ಸುತ್ತಲೂ ಆರು. ಪೊರೆಯನ್ನು ಹೊಕ್ಕು ರಂಧ್ರ ಕೊರೆಯುವುದು ಈ ಭಾಗ. ಎರಡನೆಯದು ಮೂರು ಬೀಟಾ ಹಾಳೆಗಳಿಂದ ಆದದ್ದು. ಅದರ ತುದಿಯ ಕುಣಿಕೆಗಳು ಕರುಳಿನ ಪ್ರೋಟೀನುಗಳನ್ನು ತಡಕಿ ಹಿಡಿಯುತ್ತವೆ. ಮೂರನೆಯದು ಒಂದರ ಮೇಲೊಂದು ಕೂತ ಎರಡು ಬೀಟಾ ಹಾಳೆಗಳ ಜೋಡಿ. ಕ್ರೈ1ಎಸಿಯಲ್ಲಿ ಈ ಮೂರನೆಯ ಭಾಗದ ಮೇಲಿನ ಸಣ್ಣ ಗುಳಿಯೊಂದು ಅಮೈನೊಪೆಪ್ಟಿಡೇಸ್‌ಗೆ ಅಂಟಿದ ಸಕ್ಕರೆಯನ್ನು ಹಿಡಿಯುತ್ತದೆ ಎಂಬುದು ನಂತರ ತಿಳಿಯಿತು. 1995ರಲ್ಲಿ ಕ್ರೈ1ಎಎ, 2001ರಲ್ಲಿ ಕ್ರೈ2ಎಎ ಪ್ರೋಟೀನುಗಳ ರಚನೆ ಹೊರಬಂದಾಗ ಒಟ್ಟು ವಿನ್ಯಾಸ ಒಂದೇ ಎಂದು ಖಚಿತವಾಯಿತು. ಹಿಡಿಯುವ ತುದಿಗಳು ಮಾತ್ರ ಬೇರೆ ಬೇರೆ. ಯಾವ ನಂಜು ಯಾವ ಹುಳವನ್ನು ಕೊಲ್ಲುತ್ತದೆಂಬುದು ಬಹುಮಟ್ಟಿಗೆ ಈ ತುದಿಗಳ ಮೇಲೆ ನಿಂತಿದೆ.

ಎರೆ ಸೀಮೆಯ ಹತ್ತಿ

ಕೊಪ್ಪಳ ಸೀಮೆ 1997ರ ಆಗಸ್ಟ್‌ವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಯಲಬುರ್ಗಾದ ಎರೆ ಭೂಮಿ, ಕುಷ್ಟಗಿಯ ಮಸಾರಿ, ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ನೀರಾವರಿ ಪ್ರದೇಶ ಹೀಗೆ ಮೂರು ಬಗೆಯ ಹೊಲಗಳು ಇಲ್ಲಿವೆ. ಮಳೆ ನಂಬಿದ ಎರೆಯಲ್ಲಿ ಹಿಂದೆ ಜಯಧರದಂಥ ನಾಟಿ ಹತ್ತಿ ಬೆಳೆಯುತ್ತಿತ್ತು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕತರ್ಕಿ ‘ವರಲಕ್ಷ್ಮಿ’ ಎಂಬ ಅಂತರಜಾತಿ ಹೈಬ್ರಿಡ್ ಹತ್ತಿಯನ್ನು ಹೊರತಂದರು. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಎಳೆ ಉದ್ದವಾಯಿತು, ಇಳುವರಿ ಏರಿತು. ಗೊಬ್ಬರ, ನೀರು ಹೆಚ್ಚು ಬೇಡುವ ಈ ಹಸುರು ಗಿಡಗಳು ಕಾಯಿಕೊರಕಗಳಿಗೂ ಇಷ್ಟವಾದವು.

1980ರ ದಶಕದ ಆರಂಭದಲ್ಲಿ ಬಂದ ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಗಳು ಮೊದಲು ಒಳ್ಳೆಯ ಫಲ ಕೊಟ್ಟವು. 1987ರ ಹೊತ್ತಿಗೆ ಕರಾವಳಿ ಆಂಧ್ರದ ಹತ್ತಿಯಲ್ಲಿ ಹಸಿರು ಕಾಯಿಕೊರಕ ಅವುಗಳಿಗೆ ಬಗ್ಗದಾಯಿತು. ಆ ಕಡೆಯಿಂದ ವಲಸೆ ಬಂದು ಗಂಗಾವತಿ, ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದ್ದ ರೈತರಿಗೆ ಈ ಕಥೆ ಗೊತ್ತಿತ್ತು. 1990ರ ದಶಕದಲ್ಲಿ ಎಣ್ಣೆ (ಕೀಟನಾಶಕ) ಹೊಡೆಯುವುದು, ಹುಳ ಸಾಯದಿರುವುದು, ಮತ್ತೆ ಎಣ್ಣೆ ಹೊಡೆಯುವುದು ಹತ್ತಿ ಬೆಳೆಯ ಕ್ರಮವೇ ಆಯಿತು. ದೇಶದ ಸಾಗುವಳಿಯಲ್ಲಿ ಸುಮಾರು ಶೇ. 5ರಷ್ಟು ಭೂಮಿಯಲ್ಲಿದ್ದ ಹತ್ತಿ ಒಟ್ಟು ಕೀಟನಾಶಕದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಕುಡಿಯುತ್ತಿತ್ತು. ಬಿಟಿ ಹತ್ತಿ ಬಂದದ್ದು ಇಂಥ ಹೊತ್ತಿನಲ್ಲಿ.

1998ರ ಬೆಂಕಿ, 2002ರ ಪರವಾನಗಿ

ಮಹಾರಾಷ್ಟ್ರದ ಮಹಿಕೋ ಕಂಪನಿ ಮಾನ್ಸಾಂಟೊದ ಬಿಟಿ ಹತ್ತಿ ಬೀಜವನ್ನು ತರಿಸಲು 1995ರಲ್ಲಿ ಅನುಮತಿ ಪಡೆಯಿತು. ಅಮೆರಿಕದ ಕೋಕರ್-312 ತಳಿಯಲ್ಲಿದ್ದ ಜೀನನ್ನು ಭಾರತದ ಹೈಬ್ರಿಡ್‌ಗಳ ಹೆತ್ತ ತಳಿಗಳಿಗೆ ಮರುಸಂಕರಣದಿಂದ ಸಾಗಿಸಲಾಯಿತು. 1998ರಲ್ಲಿ ಒಂಬತ್ತು ರಾಜ್ಯಗಳ 40 ಕಡೆ ಪ್ರಯೋಗ ನಡೆಯಿತು. ಕರ್ನಾಟಕದ ಪ್ರಯೋಗದ ಹೊಲಗಳಲ್ಲಿ ಕೆಲವು ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿದ್ದವು.

ಹೊಲ ಕೊಟ್ಟವರಿಗೇ ಅಲ್ಲಿ ಬೆಳೆಯುತ್ತಿರುವುದೇನೆಂದು ಸರಿಯಾಗಿ ತಿಳಿಸಿಲ್ಲ ಎಂಬ ಆರೋಪ ಎದ್ದಿತು. ಆ ನವೆಂಬರ್ ಕೊನೆಗೆ ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ಸಿಂಧನೂರು ಭಾಗದ ಪ್ರಯೋಗದ ಹತ್ತಿಯನ್ನು ಕಿತ್ತು ಬೆಂಕಿ ಹಚ್ಚಿದರು. ಕೆಲವೇ ದಿನಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲೂ ಹಾಗೇ ಆಯಿತು. ಬೀಜ ಮರುಮೊಳಕೆಯೊಡೆಯದಂತೆ ಮಾಡುವ ‘ಟರ್ಮಿನೇಟರ್’ ತಂತ್ರಕ್ಕೆ ಅದೇ ವರ್ಷದ ಮಾರ್ಚಿನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಆ ಭಯವೂ ಸಿಟ್ಟಿಗೆ ಸೇರಿತ್ತು. ಸುಟ್ಟ ಹತ್ತಿಯಲ್ಲಿ ಆ ತಂತ್ರವಿರಲಿಲ್ಲ. ಬೀಜದ ಒಡೆತನ ಯಾರದ್ದು, ಪ್ರಯೋಗದ ಬಗ್ಗೆ ರೈತನಿಗೆ ಹೇಳಬೇಕಾದವರು ಯಾರು ಎಂದು ಸಂಘ ಕೇಳಿದ ಪ್ರಶ್ನೆಗಳು ಮಾತ್ರ ಬೆಂಕಿ ಆರಿದ ಮೇಲೂ ಉಳಿದವು.

2001ರಲ್ಲಿ ಗುಜರಾತಿನಲ್ಲಿ ಪರವಾನಗಿಯಿಲ್ಲದ ನವಭಾರತ್-151 ಎಂಬ ಬಿಟಿ ಹತ್ತಿ ಸಾವಿರಾರು ಎಕರೆಯಲ್ಲಿ ಬೆಳೆದಿರುವುದು ಬಯಲಾಯಿತು. 2002ರ ಮಾರ್ಚ್ 26ರಂದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಮಹಿಕೋದ ಮೂರು ಹೈಬ್ರಿಡ್‌ಗಳಿಗೆ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಒಪ್ಪಿಗೆ ಕೊಟ್ಟಿತು. 450 ಗ್ರಾಂ ಬೀಜದ ಪೊಟ್ಟಣಕ್ಕೆ ಸುಮಾರು 1,600 ರೂಪಾಯಿ ಬೆಲೆಯಿತ್ತು. ಆಂಧ್ರ ಸರ್ಕಾರ ಮೊಕದ್ದಮೆ ಹೂಡಿದ ಮೇಲೆ 2006ರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಕ್ರೈ1ಎಸಿಯ ಜೊತೆಗೆ ಕ್ರೈ2ಎಬಿಯೂ ಇರುವ ‘ಬೋಲ್‌ಗಾರ್ಡ್-2’ ಬಂತು. ಎರಡು ನಂಜುಗಳೂ ಕರುಳಿನ ಬೇರೆ ಬೇರೆ ಪ್ರೋಟೀನುಗಳನ್ನು ಹಿಡಿಯುತ್ತವೆ. ಒಂದರಿಂದ ತಪ್ಪಿಸಿಕೊಂಡ ಹುಳ ಇನ್ನೊಂದಕ್ಕೆ ಸಿಗುತ್ತದೆಂಬುದು ಲೆಕ್ಕಾಚಾರ.

ಹೈಬ್ರಿಡ್ ಬೀಜಕ್ಕೆ ಪ್ರತಿ ವರ್ಷ ಹೊಸ ಸಂಕರಣ ಬೇಕು. ಆ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಸೀಡ್ಸ್ ಪ್ಲಾಟುಗಳಲ್ಲೂ ಹೌದು. ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಬಿಡಿಸಿ, ಉಗುರಿನಿಂದ ಕೇಸರಗಳ ಸುತ್ತನ್ನು ಸುಲಿದು, ಶಲಾಕೆಗೆ ಪೆಟ್ಟಾಗದಂತೆ ನೋಡಿಕೊಂಡು, ಗುರುತಿಗೆ ಬಣ್ಣದ ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಕಿತ್ತು ತಂದ ಹೂವನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಎರಡು ಸಲ ಕೈ. ಈ ‘ಕ್ರಾಸಿಂಗ್’ ಕೆಲಸದಲ್ಲಿ ಶಾಲೆ ಬಿಟ್ಟ ಮಕ್ಕಳು, ಅದರಲ್ಲೂ ಹುಡುಗಿಯರು ದುಡಿಯುತ್ತಿದ್ದದ್ದು 2000ರ ದಶಕದಲ್ಲಿ ಅಧ್ಯಯನಗಳ, ಬಾಲಕಾರ್ಮಿಕ ವಿರೋಧಿ ಅಭಿಯಾನಗಳ ವಿಷಯವಾಯಿತು.

ರೈತ ತಾನೇ ಬೀಜ ಉಳಿಸಿಕೊಳ್ಳಬಲ್ಲ ಬಿಟಿ ಹತ್ತಿಯ ಪ್ರಯತ್ನವೂ ಕರ್ನಾಟಕದಲ್ಲೇ ನಡೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ದೆಹಲಿಯ ಸಂಶೋಧಕರು ಸೇರಿ ‘ಬಿಕಾನೇರಿ ನರ್ಮಾ ಬಿಟಿ’ ತಳಿಯನ್ನು ತಂದರು. 2008ರಲ್ಲಿ ಒಪ್ಪಿಗೆ ಸಿಕ್ಕು 2009ರಲ್ಲಿ ಬೀಜ ಮಾರಾಟವಾಯಿತು. ಬಿತ್ತನೆಬೀಜದಲ್ಲಿ ಮಾನ್ಸಾಂಟೊದ ಜೀನ್ ಇರುವುದು ಕಂಡುಬಂದು ಅದೇ ವರ್ಷದ ಕೊನೆಗೆ ಮಾರಾಟ ನಿಂತಿತು. ಹೈಬ್ರಿಡ್‌ಗಳಿಗೆ ಎದುರಾಳಿಯೇ ಇಲ್ಲದಂತಾಯಿತು. 2014ರ ಹೊತ್ತಿಗೆ ದೇಶದ ಹತ್ತಿಯಲ್ಲಿ ಶೇ. 90ಕ್ಕಿಂತ ಹೆಚ್ಚು ಬಿಟಿ.

ಗುಲಾಬಿ ಕಾಯಿಕೊರಕದ ಉತ್ತರ

ಹಸಿರು ಕಾಯಿಕೊರಕ ಹತೋಟಿಗೆ ಬಂದು ಮೊದಲ ವರ್ಷಗಳಲ್ಲಿ ಎಣ್ಣೆಯ ಖರ್ಚು ಇಳಿಯಿತು. ಗುಲಾಬಿ ಕಾಯಿಕೊರಕದ ಸಂಗತಿ ಬೇರೆ. ಈ ಕೀಟವನ್ನು ವಿಜ್ಞಾನ ಮೊದಲು ವಿವರಿಸಿದ್ದೇ ಭಾರತದ ಹತ್ತಿಯಿಂದ. 1843ರಲ್ಲಿ ಗುಜರಾತಿನ ಭರೂಚ್‌ನ ಮಾದರಿಗಳನ್ನು ನೋಡಿ ಸಾಂಡರ್ಸ್ ಅದಕ್ಕೆ ಹೆಸರಿಟ್ಟ. ಎಳೆಗಾಯಿಯ ಮೇಲೆ ಹೊರಬಂದ ಮರಿ ಸೂಜಿಮೊನೆಯಷ್ಟು ತೂತು ಕೊರೆದು ಒಳ ಹೊಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ. ಒಳಗೆ ಅದು ತಿನ್ನುವುದು ಬೀಜವನ್ನು. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಒಡೆದ ಮೇಲೆ ಅರೆಬರೆ ಬಿರಿದ ತೊಳೆ, ಕಂದಿದ ಅರಳೆ ನೋಡಿದಾಗಲೇ ನಷ್ಟ ತಿಳಿಯುವುದು.

ಭಾರತದ ಹೈಬ್ರಿಡ್ ಹತ್ತಿಯಲ್ಲಿ ಒಂದು ದೌರ್ಬಲ್ಯವಿತ್ತು. ಗಿಡಕ್ಕೆ ಬಿಟಿ ಜೀನ್ ಒಂದು ಹೆತ್ತ ತಳಿಯಿಂದ ಮಾತ್ರ ಬರುವುದರಿಂದ ಅದರ ಕಾಯಿಯೊಳಗಿನ ಬೀಜಗಳಲ್ಲಿ ಜೀನ್ ಹಂಚಿಹೋಗುತ್ತದೆ. ಬೋಲ್‌ಗಾರ್ಡ್-2 ಗಿಡದ ಸರಾಸರಿ 16 ಬೀಜಗಳಲ್ಲಿ ಎರಡೂ ನಂಜು ಇರುವುದು 9ರಲ್ಲಿ, ಒಂದೊಂದೇ ಇರುವುದು 3 ಮತ್ತು 3ರಲ್ಲಿ, ಯಾವುದೂ ಇಲ್ಲದ್ದು 1. ಬೀಜದಿಂದ ಬೀಜಕ್ಕೆ ಹೋಗುವ ಹುಳಕ್ಕೆ ನಂಜು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಅರೆಬರೆ ನಂಜಿಗೆ ಸಾಯದ ಹುಳಗಳು ಬದುಕಿ ಸಂತಾನ ಬೆಳೆಸುತ್ತವೆ. ನಾಗಪುರದ ಕೆ. ಆರ್. ಕ್ರಾಂತಿ ಮತ್ತು ಸಂಗಡಿಗರು 2005ರಲ್ಲೇ ಇನ್ನೊಂದು ಅಂಶ ತೋರಿಸಿದ್ದರು: ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿ ಕಡಿಮೆಯಾಗುತ್ತದೆ, ಸುಮಾರು 110 ದಿನಗಳ ಮೇಲೆ ಹಸಿರು ಕಾಯಿಕೊರಕವನ್ನು ಕೊಲ್ಲಲು ಬೇಕಾದ ಗ್ರಾಮಿಗೆ 1.9 ಮೈಕ್ರೊಗ್ರಾಂ ಮಟ್ಟಕ್ಕಿಂತ ಕೆಳಗಿಳಿಯುತ್ತದೆ.

ಹುಳಗಳು ನಂಜಿಗೆ ನಿರೋಧಕವಾಗದಂತೆ ತಡೆಯಲು ಪೊಟ್ಟಣದ ಜೊತೆ 120 ಗ್ರಾಂ ನಾನ್ ಬಿಟಿ ಬೀಜ ಕೊಡುವ ನಿಯಮವಿತ್ತು. ಹೊಲದ ಸುತ್ತ ಆ ಸಾಲುಗಳಿದ್ದರೆ ನಂಜಿನ ರುಚಿಯೇ ತಿಳಿಯದ ಪತಂಗಗಳು ಅಲ್ಲಿ ಹುಟ್ಟಿ, ನಿರೋಧಕ ಪತಂಗಗಳ ಜೊತೆ ಕೂಡಿ, ಮುಂದಿನ ಪೀಳಿಗೆಯ ಶಕ್ತಿಯನ್ನು ಕುಗ್ಗಿಸುತ್ತವೆ. ಇಳುವರಿ ಕೊಡದ ಬೀಜಕ್ಕೆ ಭೂಮಿ ಬಿಡಲು ಹೆಚ್ಚಿನವರು ಒಪ್ಪಲಿಲ್ಲ. ಸಣ್ಣ ಹಿಡುವಳಿಯಲ್ಲಿ ಅದು ಸುಲಭವೂ ಅಲ್ಲ.

2010ರಲ್ಲಿ ಗುಜರಾತಿನ ಅಮ್ರೇಲಿ ಮೊದಲಾದ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಕ್ರೈ1ಎಸಿಗೆ ಸಾಯುತ್ತಿಲ್ಲವೆಂದು ಮಾನ್ಸಾಂಟೊ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಬೋಲ್‌ಗಾರ್ಡ್-2 ಕೂಡ ಸೋತಿತು. 2015ರ ಹೊತ್ತಿಗೆ ರಾಯಚೂರು ಸೀಮೆಯ ಕಾಯಿಗಳಲ್ಲೂ ಹುಳ ಸಿಕ್ಕಿತು. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಅದೇ ಕರುಳಿನ ಗೋಡೆ. ಭಾರತದ ನಿರೋಧಕ ಹುಳಗಳಲ್ಲಿ ಕ್ಯಾಡ್ಹೆರಿನ್ ಜೀನಿನ ಸಂದೇಶ ನಾನಾ ರೀತಿಯಲ್ಲಿ ತುಂಡಾಗಿ ಜೋಡಣೆಯಾಗುತ್ತಿದೆಯೆಂದು 2014ರ ಅಧ್ಯಯನ ತೋರಿಸಿತು. ಪ್ರೋಟೀನು ಅಪೂರ್ಣವಾದಾಗ ಕ್ರೈ1ಎಸಿಯ ತುದಿಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕ್ರೈ2ಎಬಿಯ ವಿಷಯದಲ್ಲಿ ಎಬಿಸಿಎ2 ಎಂಬ ಇನ್ನೊಂದು ಪ್ರೋಟೀನಿನ ಜೀನ್ ಹೀಗೆಯೇ ಕೆಟ್ಟಿರುವುದು 2018ರಲ್ಲಿ ಹೊರಬಂತು. ನಂಜು ಬದಲಾಗಿಲ್ಲ, ಬೀಗ ಬದಲಾಗಿ ಬೀಗದ ಕೈ ವ್ಯರ್ಥವಾಗಿದೆ.

ಈಗಿನ ಸ್ಥಿತಿ

ಅಮೆರಿಕದಲ್ಲಿ ಬಿಟಿ ಹತ್ತಿಯ ಜೊತೆಗೆ ಸಂತಾನಶಕ್ತಿ ಕಳೆದ ಪತಂಗಗಳನ್ನು ಹೊಲಗಳಲ್ಲಿ ಬಿಡುವುದು, ಫೆರೊಮೋನ್ (ಹೆಣ್ಣು ಪತಂಗದ ವಾಸನೆ), ಕಟ್ಟುನಿಟ್ಟಾದ ಹಂಗಾಮು ಎಲ್ಲವನ್ನೂ ಒಟ್ಟಿಗೆ ನಡೆಸಿ 2018ರಲ್ಲಿ ಗುಲಾಬಿ ಕಾಯಿಕೊರಕ ಹತ್ತಿ ಪ್ರದೇಶದಿಂದ ನಿರ್ಮೂಲವಾಯಿತೆಂದು ಘೋಷಿಸಿದರು. ಅಲ್ಲಿನ ಹತ್ತಿ ಹೈಬ್ರಿಡ್ ಅಲ್ಲ, ತಳಿ. ಅದರ ಎಲ್ಲ ಬೀಜಗಳಲ್ಲೂ ನಂಜು ಇರುತ್ತದೆ.

ಕಲ್ಯಾಣ ಕರ್ನಾಟಕದಲ್ಲಿ ಈಗ ನಂಬಿಕೆ ನಂಜಿನ ಮೇಲಷ್ಟೇ ಇಲ್ಲ. ಕಡಿಮೆ ಅವಧಿಯ ಹೈಬ್ರಿಡ್ ಬಿತ್ತಿ ಡಿಸೆಂಬರ್ ಹೊತ್ತಿಗೆ ಬೆಳೆ ಮುಗಿಸುವುದು, ಬಿಡಿಸಿದ ಮೇಲೆ ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದಿರುವುದು, ಜಿನ್ನಿಂಗ್ ಮಿಲ್ಲುಗಳ ಸುತ್ತ ಬಲೆ ಹಾಕುವುದು ಕೃಷಿ ಇಲಾಖೆಯ ಸಲಹೆಗಳಲ್ಲಿ ಮೇಲಿನವು. ಹುಳ ಸುಪ್ತವಾಗಿ ಕಾಲ ಕಳೆಯುವುದು ಬೀಜ, ಒಣಗಿದ ಕಾಯಿಗಳಲ್ಲೇ. ಹೆಣ್ಣು ಪತಂಗದ ವಾಸನೆಯನ್ನು ಹೊಲದ ತುಂಬ ಹರಡಿ ಗಂಡನ್ನು ದಾರಿ ತಪ್ಪಿಸುವ ಕ್ರಮವೂ ಬಳಕೆಗೆ ಬಂದಿದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದರ ಪ್ರಯೋಗಗಳನ್ನು ನಡೆಸಿದೆ. ಅದೇ ಬ್ಯಾಕ್ಟೀರಿಯಾ ಹರಳು ಕಟ್ಟುವ ಮೊದಲೇ ಸ್ರವಿಸುವ ವಿಪ್3ಎ ಎಂಬ ಪ್ರೋಟೀನಿನ ರಚನೆಯನ್ನೂ ಈಚೆಗೆ ಬಿಡಿಸಲಾಗಿದೆ. ಅದು ಕರುಳಿನಲ್ಲಿ ಹಿಡಿಯುವ ತಾಣ ಕ್ರೈ ಪ್ರೋಟೀನುಗಳದ್ದಲ್ಲ. ಅಮೆರಿಕದ ಹತ್ತಿಯಲ್ಲಿ ಅದು ಆಗಲೇ ಬಳಕೆಯಲ್ಲಿದೆ. ಒಂದು ನಂಜು ಎಷ್ಟು ವರ್ಷ ಕೆಲಸ ಮಾಡೀತೆಂಬುದು ಅದರ ಆಕಾರದಷ್ಟೇ ಅದನ್ನು ಬಿತ್ತುವ ರೀತಿಯ ಮೇಲೂ ನಿಂತಿದೆ ಎಂಬುದು ಬಿಟಿ ಹತ್ತಿಯ ಎರಡು ದಶಕಗಳಿಂದ ಸ್ಪಷ್ಟವಾಗಿದೆ.